ನೀಲಿ ಗೆರೆಯ ಮೇಲೆ 14 ಸೆಂಟಿಮೀಟರ್: ಐಸ್ ಹಾಕಿಯ ವಿಡಿಯೊ ತೀರ್ಪಿನ ಜಗಳ

ಐಸ್ ಹಾಕಿಯ ಆಟಗಾರ ಗಂಟೆಗೆ 30 ಕಿ.ಮೀ. ವೇಗದಲ್ಲಿ, ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆ ದಾಟುವುದು ಸಾಮಾನ್ಯ. ಅಂದರೆ ಸೆಕೆಂಡಿಗೆ 8.3 ಮೀಟರ್. ಸೆಕೆಂಡಿಗೆ 60 ಚಿತ್ರ ಹಿಡಿಯುವ ಕ್ಯಾಮೆರಾ ಇದ್ದರೂ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವನು ಸುಮಾರು 14 ಸೆಂ.ಮೀ. ಸರಿದಿರುತ್ತಾನೆ. 30 ಚಿತ್ರದ ಕ್ಯಾಮೆರಾ ಆದರೆ 28 ಸೆಂ.ಮೀ. ನೀಲಿ ಗೆರೆಯ ಅಗಲವೇ 12 ಇಂಚು, ಅಂದರೆ 30 ಸೆಂ.ಮೀ. ಚಿಲ್ಲರೆ. ಪಾಸ್ ಆಗಿ ಬರುವ ಪಕ್, ಅಂದರೆ ಚೆಂಡಿನ ಜಾಗದಲ್ಲಿರುವ ರಬ್ಬರ್ ಬಿಲ್ಲೆ, ಆಟಗಾರನಿಗಿಂತ ಇನ್ನೂ ವೇಗವಾಗಿ ಓಡುತ್ತದೆ. ಪಕ್‌ಗಿಂತ ಮೊದಲೇ ಆಟಗಾರ ಈ ಗೆರೆ ದಾಟಿದ್ದರೆ ಅದು ಆಫ್‌ಸೈಡ್, ಗೋಲು ಇಲ್ಲ. ಹೀಗಿರುವಾಗ ಪರದೆಯ ಮೇಲೆ ಚಿತ್ರ ನಿಲ್ಲಿಸಿ, ಸ್ಕೇಟಿನ ಅಲಗು ಗೆರೆಯಿಂದ ಒಂದು ಬೆರಳಷ್ಟು ಆಚೆಗಿತ್ತೋ ಈಚೆಗಿತ್ತೋ ಎಂದು ಐದು ನಿಮಿಷ ನೋಡಿ ಗೋಲು ರದ್ದು ಮಾಡಿದರೆ, ಆ ತೀರ್ಪು ಕ್ಯಾಮೆರಾದ ಶಕ್ತಿಗೆ ಮೀರಿದ ತೀರ್ಪು. ವಿಡಿಯೊ ಬೇಕೋ ಬೇಡವೋ ಎಂಬ ವಾದದಲ್ಲಿ ಈ ಲೆಕ್ಕವನ್ನು ಯಾರೂ ಮುಂದಿಡುವುದಿಲ್ಲ. ಕ್ಯಾಮೆರಾ ಯಾವುದಕ್ಕೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬುದನ್ನು ಬೇರ್ಪಡಿಸದೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದೇ ಈ ಜಗಳದ ಬೇರು.

ಹಾಕಿ ಎಂದರೆ ನಮ್ಮ ಕಣ್ಣಿಗೆ ಬರುವುದು ಟರ್ಫ್ ಮೈದಾನ, ಕೊಡಗಿನ ಹುಡುಗರು, ಪೆನಾಲ್ಟಿ ಕಾರ್ನರ್. ಇಲ್ಲಿ ಮಾತು ಮುಖ್ಯವಾಗಿ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಎನ್‌ಎಚ್‌ಎಲ್ ಬಗ್ಗೆ. ಏಕೆಂದರೆ ಕೋಚ್ ತಾನೇ ರೆಫರಿಯ ತೀರ್ಪನ್ನು ಪ್ರಶ್ನಿಸುವ 'ಕೋಚ್ ಚಾಲೆಂಜ್' ಬೆಳೆದು, ಕೆಟ್ಟು, ತಿದ್ದುಪಡಿಯಾಗುತ್ತಾ ಬಂದದ್ದು ಅಲ್ಲಿ. ಟೊರಾಂಟೊದಲ್ಲೋ ಸ್ಯಾನ್ ಹೊಸೆಯಲ್ಲೋ ನೆಲೆಸಿರುವ ಕನ್ನಡಿಗರಿಗೆ ಇದು ಊರ ತಂಡದ ವಿಷಯ. ಉಳಿದವರು ಕ್ರಿಕೆಟ್‌ನ ಡಿಆರ್‌ಎಸ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬಹುದು, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಡಿಆರ್‌ಎಸ್ ಸೋತರೆ ಒಂದು ಅವಕಾಶ ಹೋಗುತ್ತದೆ, ಅಷ್ಟೇ. ಎನ್‌ಎಚ್‌ಎಲ್‌ನಲ್ಲಿ ಚಾಲೆಂಜ್ ಸೋತರೆ ನಿಮ್ಮ ತಂಡ ಎರಡು ನಿಮಿಷ ಒಬ್ಬ ಆಟಗಾರನಿಲ್ಲದೆ ಆಡಬೇಕು.

ಮೊದಲು ಒಂದು ಗೊಂದಲ ಬಿಡಿಸಬೇಕು. ಎಲ್ಲ ವಿಡಿಯೊ ಪರಿಶೀಲನೆಯೂ ಕೋಚ್ ಕೇಳಿ ಆಗುವುದಲ್ಲ. ಎನ್‌ಎಚ್‌ಎಲ್ 1991-92ರ ಸೀಸನ್‌ನಿಂದ ಗೋಲುಗಳನ್ನು ವಿಡಿಯೊದಲ್ಲಿ ನೋಡುತ್ತಿದೆ. ಟೊರಾಂಟೊದಲ್ಲಿರುವ 'ಸಿಚುಯೇಷನ್ ರೂಮ್' ಪ್ರತಿ ಪಂದ್ಯವನ್ನೂ ನೋಡುತ್ತಿರುತ್ತದೆ. ಪಕ್ ಪೂರ್ತಿ ಗೋಲು ಗೆರೆ ದಾಟಿತೇ, ಕಾಲಿನಿಂದ ಒದ್ದು ಒಳಗೆ ಹಾಕಿದರೇ, ಅಡ್ಡಪಟ್ಟಿಗಿಂತ ಎತ್ತರದಲ್ಲಿದ್ದ ಕೋಲಿಗೆ ತಾಗಿ ಬಂತೇ, ಅದಕ್ಕೂ ಮೊದಲೇ ಗೋಲು ಚೌಕಟ್ಟು ಜಾಗ ಬಿಟ್ಟು ಸರಿದಿತ್ತೇ, ಸಮಯ ಮುಗಿದಿತ್ತೇ ಎಂಬುದನ್ನು ಯಾರೂ ಕೇಳದೆಯೇ ಅವರು ನೋಡುತ್ತಾರೆ. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಹೌದು-ಅಲ್ಲ ಎಂದು ಮುಗಿಯುವಂಥವು. ಸಮಯದ ವಿಷಯಕ್ಕಂತೂ ವಿಡಿಯೊ ಬರುವ ಮೊದಲೇ ಒಳ್ಳೆಯ ಯಂತ್ರವಿತ್ತು: ಗೋಲಿನ ಹಿಂದಿರುವ ಹಸಿರು ದೀಪ ಗಡಿಯಾರಕ್ಕೆ ಜೋಡಣೆಯಾಗಿದ್ದು, ಅವಧಿ ಮುಗಿದು ಅದು ಹೊತ್ತಿಕೊಂಡಿತೆಂದರೆ ಗೋಲಿನ ಕೆಂಪು ದೀಪ ಹೊತ್ತುವುದೇ ಇಲ್ಲ. ಇಂಥ ವಿಷಯಗಳ ಬಗ್ಗೆ ಯಾರಿಗೂ ಹೆಚ್ಚು ತಕರಾರಿಲ್ಲ.

ತಕರಾರು ಇರುವುದು 2015-16ರಲ್ಲಿ ಬಂದ ಕೋಚ್ ಚಾಲೆಂಜ್ ಬಗ್ಗೆ. ಅದರ ಹಿಂದಿನ ಕಾರಣವನ್ನು ಹೇಳುವಾಗ ಎಲ್ಲರೂ ನೆನೆಸುವುದು 2013ರ ಫೆಬ್ರವರಿಯಲ್ಲಿ ಕೊಲರಾಡೊ ತಂಡದ ಮ್ಯಾಟ್ ಡುಶೇನ್ ನ್ಯಾಶ್‌ವಿಲ್ ವಿರುದ್ಧ ಹೊಡೆದ ಗೋಲನ್ನು. ಪಕ್ ನೀಲಿ ಗೆರೆ ದಾಟುವಾಗ ಅವನು ಗೆರೆಯಿಂದ ಮಾರುದೂರ ಒಳಗಿದ್ದ. ಲೈನ್ಸ್‌ಮನ್ ಸೀಟಿ ಊದಲಿಲ್ಲ, ಗೋಲು ಉಳಿಯಿತು. ಕ್ರೀಡಾಂಗಣದಲ್ಲಿದ್ದವರಿಗೂ ಟಿವಿ ಮುಂದೆ ಕೂತವರಿಗೂ ಕಂಡ ತಪ್ಪನ್ನು ತಿದ್ದಲು ನಿಯಮದಲ್ಲಿ ದಾರಿಯೇ ಇರಲಿಲ್ಲ. ಇಂಥ ಢಾಳಾದ ತಪ್ಪಿಗೆಂದೇ ಔಷಧ ತಂದರು. ಆದರೆ ಔಷಧದ ಚೀಟಿಯಲ್ಲಿ 'ಢಾಳಾದ ತಪ್ಪಿಗೆ ಮಾತ್ರ' ಎಂದು ಬರೆಯಲಿಲ್ಲ. ಆಫ್‌ಸೈಡ್ ಆಗಿತ್ತೇ ಎಂದು ಮಾತ್ರ ಬರೆದರು. ಮಾರುದೂರದ ಆಫ್‌ಸೈಡೂ ಆಫ್‌ಸೈಡೇ, ಗೆರೆ ಮುಗಿದಲ್ಲಿಂದ ಅರ್ಧ ಇಂಚಿನದೂ ಆಫ್‌ಸೈಡೇ.

ನಿಯಮ ಹೀಗಿದೆ. ಪಕ್ ನೀಲಿ ಗೆರೆಯನ್ನು ಪೂರ್ತಿ ದಾಟುವ ಮೊದಲೇ ದಾಳಿ ಮಾಡುವ ತಂಡದ ಆಟಗಾರನ ಎರಡೂ ಸ್ಕೇಟುಗಳು ಗೆರೆಯ ಆಚೆಗೆ ಹೋಗಿದ್ದರೆ ಆಫ್‌ಸೈಡ್. ಒಂದು ಸ್ಕೇಟ್ ಗೆರೆಯ ಮೇಲೆ ಉಳಿದಿದ್ದರೂ ಸಾಕು, ಅವನು ಸರಿಯಾಗಿದ್ದಾನೆ. ಮೊದಲ ಕೆಲವು ವರ್ಷ ಆ ಸ್ಕೇಟ್ ಮಂಜುಗಡ್ಡೆಗೆ ತಾಗಿರಲೇಬೇಕಿತ್ತು. ಸ್ಕೇಟ್ ಗೆರೆಯ ನೇರದಲ್ಲೇ ಇದೆ, ಆದರೆ ಓಟದ ಹೆಜ್ಜೆಯಲ್ಲಿ ಅರ್ಧ ಇಂಚು ಮೇಲೆದ್ದಿದೆ ಎಂಬ ಕಾರಣಕ್ಕೆ ಗೋಲುಗಳು ಹೋದವು. ದೂರದ ಕ್ಯಾಮೆರಾದಲ್ಲಿ ಬಿಳಿ ಮಂಜಿನ ಮೇಲೆ ಉಕ್ಕಿನ ಅಲಗು ತಾಗಿದೆಯೋ ಇಲ್ಲವೋ ಎಂದು ಹೇಳುವುದು ಕಷ್ಟವಷ್ಟೇ ಅಲ್ಲ, ಕೆಲವೊಮ್ಮೆ ಅಸಾಧ್ಯ. 2020-21ರಲ್ಲಿ ಇದನ್ನು ತಿದ್ದಿದರು: ಗೆರೆಯ ಮೇಲೆ ಗಾಜಿನ ಗೋಡೆ ಎದ್ದಿದೆ ಎಂದುಕೊಳ್ಳಿ, ಸ್ಕೇಟ್ ಗಾಳಿಯಲ್ಲಿದ್ದರೂ ಆ ಗೋಡೆಯ ಮಿತಿಯಲ್ಲೇ ಇದ್ದರೆ ಸರಿ. ಇದು ಒಳ್ಳೆಯ ತಿದ್ದುಪಡಿ, ಏಕೆಂದರೆ ಕ್ಯಾಮೆರಾಕ್ಕೆ ಕಾಣದ ಪ್ರಶ್ನೆಯನ್ನು ಕೈಬಿಟ್ಟು ಕಾಣುವ ಪ್ರಶ್ನೆಯನ್ನು ಇಟ್ಟುಕೊಂಡಿತು.

ಆದರೂ ಮೂಲ ತೊಂದರೆ ಹೋಗಲಿಲ್ಲ. ಆಫ್‌ಸೈಡ್ ನಿಯಮ ಇರುವುದು ಯಾಕೆ? ಎದುರಾಳಿಯ ಗೋಲಿನ ಹತ್ತಿರ ಒಬ್ಬನನ್ನು ಮೊದಲೇ ನಿಲ್ಲಿಸಿ ಅವನಿಗೆ ಉದ್ದನೆಯ ಪಾಸ್ ಕೊಡುವ ಆಟ ಆಡಬಾರದು ಎಂದು. ಹಿಂದಿನ ಕಾಲಿನ ಹೆಬ್ಬೆರಳು ಸೆಕೆಂಡಿನ ಹತ್ತನೇ ಒಂದು ಪಾಲು ಮುಂಚೆ ಗೆರೆ ದಾಟಿದ್ದರಿಂದ ರಕ್ಷಣೆಯ ತಂಡಕ್ಕೆ ಆದ ನಷ್ಟ ಸೊನ್ನೆ. ಅದೂ ಗೋಲು ಬಂದದ್ದು ಆ ಪ್ರವೇಶವಾಗಿ 40 ಸೆಕೆಂಡಿನ ಮೇಲಿದ್ದರೆ? ಆ ನಡುವೆ ರಕ್ಷಕರಿಗೆ ಪಕ್ ಸಿಕ್ಕಿ ಕೈತಪ್ಪಿರಬಹುದು, ಮೂಲೆಯಲ್ಲಿ ಎರಡು ಸಲ ಗುದ್ದಾಟ ಆಗಿರಬಹುದು. ನಿಯಮಕ್ಕೆ ಸಮಯದ ಮಿತಿಯಿಲ್ಲ. ಪಕ್ ಒಮ್ಮೆಯೂ ನೀಲಿ ಗೆರೆಯಿಂದ ಹೊರಗೆ ಬಂದಿಲ್ಲ ಎಂದಾದರೆ ಎಷ್ಟು ಹಿಂದಿನ ಪ್ರವೇಶವನ್ನಾದರೂ ಕೆದಕಬಹುದು. ತೀರ್ಪು ತಿರುಗಿದರೆ ಗಡಿಯಾರವನ್ನು ಆಫ್‌ಸೈಡ್ ಆದ ಕ್ಷಣಕ್ಕೆ ಹಿಂದೆ ತಿರುಗಿಸುತ್ತಾರೆ. ಆ ನಡುವಿನ ಆಟ ಆಗಲೇ ಇಲ್ಲ ಎಂದು ಲೆಕ್ಕ, ಆದರೆ ಆ ನಡುವೆ ಯಾರಿಗಾದರೂ ಪೆನಾಲ್ಟಿ ಬಿದ್ದಿದ್ದರೆ ಅದನ್ನು ಮಾತ್ರ ಅನುಭವಿಸಲೇಬೇಕು.

ಹೀಗೆ ಆಟದ ಹಿತಕ್ಕೆಂದು ಮಾಡಿದ ನಿಯಮವನ್ನು ವಿಡಿಯೊ ಅಳತೆಕೋಲನ್ನಾಗಿ ಮಾಡಿದ್ದು ಇದೇ ಮೊದಲಲ್ಲ. 1990ರ ದಶಕದಲ್ಲಿ ಗೋಲ್‌ಕೀಪರನ ರಕ್ಷಣೆಗೆಂದು ಒಂದು ಬಿಗಿ ನಿಯಮವಿತ್ತು. ಗೋಲಿನ ಮುಂದೆ ನೀಲಿ ಬಣ್ಣ ಬಳಿದ ಜಾಗವಿದೆ, ಕ್ರೀಸ್ ಅನ್ನುತ್ತಾರೆ. ಪಕ್‌ಗಿಂತ ಮೊದಲು ದಾಳಿಗಾರನ ಸ್ಕೇಟ್ ಅದರೊಳಗೆ ಹೋಗಿದ್ದರೆ, ಕೀಪರನಿಗೆ ಯಾವ ಅಡ್ಡಿಯೂ ಆಗದಿದ್ದರೂ, ಗೋಲು ಇಲ್ಲ. 1998-99ರ ಸೀಸನ್ ತುಂಬ ಬೆರಳ ತುದಿ ಒಳಗಿತ್ತೆಂದು ಗೋಲುಗಳು ಹೋಗುತ್ತಿದ್ದವು. ಆ ವರ್ಷ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ನ ಆರನೇ ಪಂದ್ಯ, ಬಫಲೊದಲ್ಲಿ, ಮೂರನೇ ಹೆಚ್ಚುವರಿ ಅವಧಿ. ಡಲ್ಲಾಸ್‌ನ ಬ್ರೆಟ್ ಹಲ್ ಹೊಡೆದ ಗೋಲು ಕಪ್ಪನ್ನೇ ಗೆದ್ದುಕೊಟ್ಟಿತು. ಅವನ ಎಡಗಾಲು ಕ್ರೀಸ್‌ನಲ್ಲಿತ್ತು. ಪಕ್ ಮೊದಲಿನಿಂದಲೂ ಅವನ ಹಿಡಿತದಲ್ಲೇ ಇತ್ತು, ಆದ್ದರಿಂದ ಅವನು ಒಳಗೆ ಕಾಲಿಡಬಹುದಿತ್ತು ಎಂದು ಲೀಗ್ ವಿವರಣೆ ಕೊಟ್ಟಿತು. ಬಫಲೊದ ಅಭಿಮಾನಿಗಳು ಇವತ್ತಿಗೂ ಅದನ್ನು ಒಪ್ಪಿಲ್ಲ. ಮುಂದಿನ ಸೀಸನ್‌ನಲ್ಲಿ ಆ ನಿಯಮವೇ ಹೋಯಿತು. ಕೀಪರನಿಗೆ ಅಡ್ಡಿ ಆಯಿತೇ ಎಂದು ನೋಡುವುದು ರೆಫರಿಯ ಕೆಲಸವಾಯಿತು. ವಿಡಿಯೊ ಆ ನಿಯಮವನ್ನು ಕೊಂದಿತು ಅಂದರೆ ತಪ್ಪಲ್ಲ. ವಿಡಿಯೊ ಇಲ್ಲದಿದ್ದರೆ ರೆಫರಿಗಳು ವಿವೇಕ ಬಳಸಿ ಸಣ್ಣಪುಟ್ಟದ್ದನ್ನು ಬಿಡುತ್ತಿದ್ದರು, ನಿಯಮ ಬದುಕುತ್ತಿತ್ತು.

ಆಫ್‌ಸೈಡ್ ಚಾಲೆಂಜ್‌ನ ಅಕ್ಷರಶಃ ಓದು ಎಷ್ಟು ಬಿಡಿಸಲಾಗದ ಗಂಟಾಗಬಹುದು ಎಂಬುದಕ್ಕೆ 2022ರ ಪಶ್ಚಿಮ ವಿಭಾಗದ ಫೈನಲ್‌ನ ಮೊದಲ ಪಂದ್ಯ ನೋಡಬೇಕು. ಕೊಲರಾಡೊದ ಕೇಲ್ ಮಕಾರ್ ಪಕ್ ಅನ್ನು ನೀಲಿ ಗೆರೆಯ ಒಳಗೆ ತಂದಾಗ ಅವನ ಜೊತೆಗಾರ ವ್ಯಾಲೆರಿ ನಿಚುಶ್ಕಿನ್ ಇನ್ನೂ ಒಳಗೇ ಇದ್ದ, ಹೊರಗೆ ಬರುತ್ತಿದ್ದ. ಮಕಾರ್ ಗೋಲು ಹೊಡೆದ. ಎಡ್ಮಂಟನ್ ಕೋಚ್ ಚಾಲೆಂಜ್ ಮಾಡಿದರು, ಸೋತರು. ತೀರ್ಪಿನ ಆಧಾರ ಇದು: ಪಕ್ ಗೆರೆ ದಾಟಿದಾಗ ಮಕಾರನ ಕೋಲು ಅದಕ್ಕೆ ತಾಗಿರಲಿಲ್ಲ. ಮುಂದಕ್ಕೆ ತಳ್ಳಿಬಿಟ್ಟಿದ್ದ ಪಕ್ ತಾನೇ ಸಾಗುತ್ತಿತ್ತು. ಅವನು ಮತ್ತೆ ಮುಟ್ಟುವಷ್ಟರಲ್ಲಿ ನಿಚುಶ್ಕಿನ್ ನೀಲಿ ಗೆರೆಗೆ ಸ್ಕೇಟ್ ತಾಗಿಸಿ ಸರಿಯಾಗಿಬಿಟ್ಟಿದ್ದ. ಹೀಗೆ ಗೆರೆ ಮುಟ್ಟಿ ಬಂದವನು ಆಫ್‌ಸೈಡ್ ಅಲ್ಲ. ನಿಯಮದ ಪ್ರಕಾರ ತೀರ್ಪು ಸರಿಯೇ ಎಂದು ನನ್ನ ಅಭಿಪ್ರಾಯ. ಆದರೆ ಪಕ್ 'ಹಿಡಿತದಲ್ಲಿತ್ತೇ' ಎಂಬುದು ಅಳತೆಯ ಪ್ರಶ್ನೆಯಲ್ಲ, ಅಭಿಪ್ರಾಯದ ಪ್ರಶ್ನೆ. ಕೋಲಿನ ಮುಂದೆ ಒಂದಡಿ ಪಕ್ ಬಿಟ್ಟುಕೊಂಡು ಓಡುವವನ ಹಿಡಿತದಲ್ಲಿ ಅದು ಇಲ್ಲ ಅನ್ನಲು ಎಷ್ಟು ಜನ ಒಪ್ಪುತ್ತಾರೆ? ಬರೀ ಗೆರೆಯ ವಿಷಯ ಎಂದುಕೊಂಡಿದ್ದ ಆಫ್‌ಸೈಡಿನ ಒಳಗೂ ಅಭಿಪ್ರಾಯ ಬಚ್ಚಿಟ್ಟುಕೊಂಡಿದೆ ಎಂದು ಆ ರಾತ್ರಿ ಎಲ್ಲರಿಗೂ ಗೊತ್ತಾಯಿತು.

ಪರಿಹಾರವಾಗಿ ಕೆಲವರು ಹೇಳುವುದು, ಪ್ರವೇಶದ ನಂತರ ರಕ್ಷಣೆಯ ತಂಡಕ್ಕೆ ಒಮ್ಮೆ ಪಕ್ ಸಿಕ್ಕಿತೆಂದರೆ ಆಫ್‌ಸೈಡಿನ ಮಾತು ಅಲ್ಲಿಗೆ ಮುಗಿಯಬೇಕು ಎಂದು. ನ್ಯಾಯದ ದೃಷ್ಟಿಯಿಂದ ಇದೇ ಸರಿ, ಆದರೆ ಮತ್ತೆ 'ಸಿಕ್ಕಿತು' ಅಂದರೇನು ಎಂಬ ಜಗಳ ಶುರುವಾಗುತ್ತದೆ. ಅದಕ್ಕೇ ನನಗೆ ಗಡಿಯಾರವೇ ವಾಸಿ ಅನ್ನಿಸುತ್ತದೆ. ಪ್ರವೇಶವಾಗಿ 15 ಸೆಕೆಂಡ್ ಕಳೆದರೆ ಚಾಲೆಂಜ್ ಇಲ್ಲ. 15ರ ಬದಲು 14.8 ಸೆಕೆಂಡಿಗೆ ಬಂದ ಗೋಲಿನ ಬಗ್ಗೆ ಜಗಳವಾಗುತ್ತದೆ, ನಿಜ. ಆದರೆ ಸೆಕೆಂಡನ್ನು ಯಂತ್ರ ಅಳೆಯುತ್ತದೆ, ಮನುಷ್ಯ ಊಹಿಸಬೇಕಿಲ್ಲ. ಇನ್ನೊಂದು ಮಿತಿ ಪರಿಶೀಲನೆಗೇ ಬೇಕು: ಎರಡು ನಿಮಿಷ ನೋಡಿಯೂ ಗೊತ್ತಾಗಲಿಲ್ಲ ಎಂದರೆ ಅದು ಢಾಳಾದ ತಪ್ಪಲ್ಲ, ಐಸ್ ಮೇಲಿನ ತೀರ್ಪು ನಿಲ್ಲಲಿ. ಗುಡ್ಡ ಅಗೆದು ಇಲಿ ಹಿಡಿಯುವ ಈ ಕೆಲಸದಲ್ಲಿ ಹೊರಗೆ ಬರುವ ಇಲಿ ಕೂಡ ಅನುಮಾನದ್ದೇ.

ಆಫ್‌ಸೈಡ್ ಚಾಲೆಂಜ್ ಗೋಲನ್ನು ಕಿತ್ತುಕೊಳ್ಳಬಲ್ಲದು, ಕೊಡಲಾರದು ಎಂಬುದನ್ನೂ ಮರೆಯಬಾರದು. ಸರಿಯಾಗಿದ್ದ ಪ್ರವೇಶಕ್ಕೆ ಲೈನ್ಸ್‌ಮನ್ ತಪ್ಪಾಗಿ ಸೀಟಿ ಊದಿ, ಕೀಪರನ ಎದುರು ಒಂಟಿಯಾಗಿ ನುಗ್ಗುತ್ತಿದ್ದ ಆಟಗಾರನನ್ನು ನಿಲ್ಲಿಸಿದರೆ ಅದಕ್ಕೆ ಯಾವ ಮೇಲ್ಮನವಿಯೂ ಇಲ್ಲ. ಸೀಟಿ ಊದಿದ ಮೇಲೆ ಆಟ ಸತ್ತಂತೆ. ಕೀಪರನಿಗೆ ಅಡ್ಡಿ ಎಂಬ ಕಾರಣದಲ್ಲಿ ಮಾತ್ರ ಎರಡೂ ಕಡೆಗೆ ಬಾಗಿಲು ತೆರೆದಿದೆ: ರೆಫರಿ ರದ್ದು ಮಾಡಿದ ಗೋಲನ್ನು ಮರಳಿ ಕೊಡಿ ಎಂದು ಹೊಡೆದ ತಂಡದ ಕೋಚ್ ಕೂಡ ಕೇಳಬಹುದು.

ಇನ್ನು ಕೋಚ್‌ನ ಬೆಂಚಿನಲ್ಲಿ ನಡೆಯುವ ಕೆಲಸ. ಗೋಲು ಬಿದ್ದ ಕೂಡಲೇ ಡ್ರೆಸ್ಸಿಂಗ್ ರೂಮಿನ ಬಳಿ ಕೂತ ವಿಡಿಯೊ ಕೋಚ್ ಚಿತ್ರವನ್ನು ಹಿಂದಕ್ಕೆ ಓಡಿಸುತ್ತಾನೆ. ಅವನ ಕೈಯಲ್ಲಿರುವುದು ಆಟ ಮತ್ತೆ ಶುರುವಾಗುವ ಫೇಸ್‌ಆಫ್‌ಗೆ ಪಕ್ ಬೀಳುವವರೆಗಿನ ಸಮಯ, ಅರ್ಧ ನಿಮಿಷದ ಆಸುಪಾಸು. ಮೊದಲು ನೋಡುವುದು ನೀಲಿ ಗೆರೆಯ ನೇರಕ್ಕೆ ನೆಟ್ಟ ಕ್ಯಾಮೆರಾವನ್ನು, ಏಕೆಂದರೆ ಅಲ್ಲಿ ಉತ್ತರ ಬೇಗ ಸಿಗುತ್ತದೆ. ಆಮೇಲೆ ಗೋಲಿನ ಮೇಲಿನ ಕ್ಯಾಮೆರಾದಲ್ಲಿ ಕೀಪರನ ಮೈ, ಕಾಲು, ಕೈಗೆ ಯಾರಾದರೂ ತಾಗಿದರೇ ಎಂದು. ಅದಾದ ಮೇಲೆ ಕೈಯಿಂದ ಪಾಸ್, ಎತ್ತರದ ಕೋಲು, ಪ್ರೇಕ್ಷಕರ ರಕ್ಷಣೆಗೆ ಕಟ್ಟಿದ ಮೇಲಿನ ಬಲೆಗೆ ತಾಗಿ ಬಂದ ಪಕ್. ಅವನ ಮಾತು ಬೆಂಚಿನಲ್ಲಿರುವ ಸಹಾಯಕ ಕೋಚ್‌ನ ಕಿವಿಗೆ ಬೀಳುತ್ತದೆ. ಅಲ್ಲಿಯವರೆಗೆ ಹೆಡ್ ಕೋಚ್ ರೆಫರಿಯನ್ನು ಕರೆದು ಏನಾದರೂ ಮಾತಾಡಿಸುತ್ತಾ ಸಮಯ ತಳ್ಳುತ್ತಾನೆ. ಚಾಲೆಂಜ್ ಮಾಡುವಾಗ ಕಾರಣವನ್ನು ಹೇಳಲೇಬೇಕು. ಸುಮ್ಮನೆ 'ಇನ್ನೊಮ್ಮೆ ನೋಡಿ' ಎಂದರೆ ನಡೆಯುವುದಿಲ್ಲ. ಮೂರನೇ ಅವಧಿಯ ಕೊನೆಯ ನಿಮಿಷದಲ್ಲೂ ಹೆಚ್ಚುವರಿ ಅವಧಿಯಲ್ಲೂ ಕೋಚ್‌ಗೆ ಈ ತಲೆಬಿಸಿ ಇಲ್ಲ. ಆಗ ಟೊರಾಂಟೊದವರೇ ಮುಂದಾಗಿ ನೋಡುತ್ತಾರೆ.

ಸೋತರೆ ಏನು ಎಂಬುದು ಮೂರು ಹಂತದಲ್ಲಿ ಬದಲಾಯಿತು. ಆರಂಭದಲ್ಲಿ ಚಾಲೆಂಜ್ ಮಾಡಲು ತಂಡದ ಬಳಿ ಟೈಮ್‌ಔಟ್ ಉಳಿದಿರಬೇಕಿತ್ತು, ಸೋತರೆ ಅದು ಹೋಗುತ್ತಿತ್ತು. ಬಹಳ ಪಂದ್ಯಗಳಲ್ಲಿ ಬಳಸದೇ ಉಳಿಯುವ ಟೈಮ್‌ಔಟ್ ಅದು. ಹೋದರೆ ಹೋಗಲಿ ಎಂದು ಕೋಚ್‌ಗಳು ಅನುಮಾನ ಬಂದದ್ದಕ್ಕೆಲ್ಲ ಕೈ ಎತ್ತಿದರು, ಪಂದ್ಯಗಳು ನಿಂತು ನಿಂತು ಸಾಗಿದವು. 2017-18ರಲ್ಲಿ ಆಫ್‌ಸೈಡ್ ಚಾಲೆಂಜ್ ಸೋತವರಿಗೆ ಎರಡು ನಿಮಿಷದ ಮೈನರ್ ಪೆನಾಲ್ಟಿ ಬಂತು. 2019-20ರಿಂದ ಎಲ್ಲ ಚಾಲೆಂಜ್‌ಗಳಿಗೂ ಅದೇ: ಮೊದಲ ಸೋಲಿಗೆ ಎರಡು ನಿಮಿಷ, ಅದೇ ಪಂದ್ಯದ ಮುಂದಿನ ಪ್ರತಿ ಸೋಲಿಗೂ ನಾಲ್ಕು. ಎಷ್ಟು ಸಲ ಬೇಕಾದರೂ ಕೇಳಬಹುದು, ಧೈರ್ಯವಿದ್ದರೆ.

ಈ ದಂಡ ಕ್ರೂರ ಎಂದು ಹಲವರ ವಾದ. ಗೋಲು ತಿಂದ ತಂಡಕ್ಕೆ ಗಾಯದ ಮೇಲೆ ಬರೆ ಎಳೆದಂತೆ ಎಂದು. ಲೆಕ್ಕ ಹಾಕಿ ನೋಡಿದರೆ ಅಷ್ಟು ಕ್ರೂರವೇನಲ್ಲ. ಪವರ್‌ಪ್ಲೇಯಲ್ಲಿ, ಅಂದರೆ ಎದುರಾಳಿ ಒಬ್ಬ ಕಡಿಮೆ ಇದ್ದಾಗ, ಗೋಲು ಬರುವ ಸಾಧ್ಯತೆ ಲೀಗ್‌ನ ಸರಾಸರಿಯಲ್ಲಿ ಐದಕ್ಕೆ ಒಂದು. ಚಾಲೆಂಜ್ ಗೆದ್ದರೆ ಒಂದು ಪೂರ್ತಿ ಗೋಲು ಅಳಿಯುತ್ತದೆ. ಸೋತರೆ ಸರಾಸರಿ 0.2 ಗೋಲಿನ ನಷ್ಟ. ಎರಡನ್ನೂ ತೂಗಿದರೆ 0.2 ಅನ್ನು 1.2ರಿಂದ ಭಾಗಿಸಿದಷ್ಟು, ಅಂದರೆ ನೂರಕ್ಕೆ 17ರಷ್ಟು ಗೆಲ್ಲುವ ಭರವಸೆ ಇದ್ದರೂ ಚಾಲೆಂಜ್ ಲಾಭದ್ದೇ. ಎದುರಾಳಿಯ ಪವರ್‌ಪ್ಲೇ ನೂರಕ್ಕೆ 30ರಷ್ಟು ಚೆನ್ನಾಗಿದ್ದರೂ 23 ಸಾಕು. ಈಗಾಗಲೇ ಒಮ್ಮೆ ಸೋತು ನಾಲ್ಕು ನಿಮಿಷದ ಅಪಾಯವಿದ್ದರೆ ನಷ್ಟ 0.4, ಆಗ ನೂರಕ್ಕೆ 29. ಇಷ್ಟಿದ್ದೂ ಕೋಚ್‌ಗಳು ಬಹುತೇಕ ಖಚಿತವಾದಾಗ ಮಾತ್ರ ಕೇಳುತ್ತಾರೆ. ಕಾರಣ ಊಹಿಸುವುದು ಕಷ್ಟವಲ್ಲ: ಬಿದ್ದ ಗೋಲು ಆಟಗಾರರದ್ದು, ಆಮೇಲಿನ ಪೆನಾಲ್ಟಿ ಮಾತ್ರ ಕೋಚ್‌ನ ತಲೆಗೆ. ಲೀಗ್‌ಗೆ ಬೇಕಾಗಿದ್ದೂ ಈ ಅಳುಕೇ. ಟೈಮ್‌ಔಟ್ ಮಾಡಲಾಗದ ಕೆಲಸವನ್ನು ಪೆನಾಲ್ಟಿ ಮಾಡಿತು, ಅದನ್ನು ತೆಗೆಯಬಾರದು.

ಈ 17ರ ಲೆಕ್ಕ ಕೈಕೊಡುವುದು ಗೆಲ್ಲುವ ಸಾಧ್ಯತೆಯನ್ನು ಕೋಚ್ ಅಂದಾಜು ಮಾಡಲಾಗದ ಕಡೆ. ಅದೇ ಕೀಪರನಿಗೆ ಅಡ್ಡಿ. 69ನೇ ನಿಯಮ ಉದ್ದವಾಗಿದೆ. ಕ್ರೀಸ್‌ನೊಳಗೆ ಕೀಪರ್ ಸ್ವತಂತ್ರವಾಗಿ ಚಲಿಸಬೇಕು. ದಾಳಿಗಾರ ಮೈತಾಗಿಸಿ ಅಥವಾ ನಿಂತ ಜಾಗದಿಂದಲೇ ಅದಕ್ಕೆ ಅಡ್ಡಿ ಮಾಡಿದರೆ ಗೋಲಿಲ್ಲ. ಕ್ರೀಸ್‌ನ ಹೊರಗೆ ಆಕಸ್ಮಿಕವಾಗಿ ತಾಗಿದರೆ ಪರವಾಗಿಲ್ಲ, ಬೇಕೆಂದೇ ತಾಗಿದರೆ ತಪ್ಪು. ರಕ್ಷಕನೇ ದಾಳಿಗಾರನನ್ನು ಕೀಪರನ ಮೇಲೆ ದೂಡಿದರೆ ಅದು ದಾಳಿಗಾರನ ತಪ್ಪಲ್ಲ, ಆದರೆ ಅವನು ತಪ್ಪಿಸಿಕೊಳ್ಳಲು ಪ್ರಯತ್ನಿಸಿರಬೇಕು. ಈಗ ಒಂದು ಗೋಲು ನೋಡಿ: ರಕ್ಷಕ ಮೆಲ್ಲಗೆ ದೂಡಿದ, ದಾಳಿಗಾರ ಅದನ್ನೇ ನೆಪ ಮಾಡಿ ಒಳಗೆ ಬಿದ್ದ, ಕೀಪರನ ಕಾಲಿಗೆ ಸ್ಕೇಟ್ ತಾಗಿತು, ಕೀಪರ್ ಸಾವರಿಸಿಕೊಳ್ಳಲು ಒಂದು ಸೆಕೆಂಡ್ ಇತ್ತು, ಆಮೇಲೆ ಪಕ್ ಬಂತು. ಎಷ್ಟು ದೂಡಿದರೆ ದೂಡಿದಂತೆ? ಎಷ್ಟು ಪ್ರಯತ್ನ ಸಾಕು? ಒಂದು ಸೆಕೆಂಡ್ ಸಾವರಿಸಿಕೊಳ್ಳಲು ಸಾಲುತ್ತದೆಯೇ? ನೂರು ಕ್ಯಾಮೆರಾ ಇಟ್ಟರೂ ಇವಕ್ಕೆ ಉತ್ತರ ಚಿತ್ರದಲ್ಲಿಲ್ಲ.

ಮೊದಲ ಮೂರು ಸೀಸನ್ ಈ ತೀರ್ಪನ್ನು ಐಸ್ ಮೇಲಿನ ರೆಫರಿಯೇ ಟ್ಯಾಬ್ಲೆಟ್ ನೋಡಿ ಕೊಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಅಳತೆ. 2018ರ ಮಾರ್ಚ್‌ನಲ್ಲಿ ಕೊನೆಯ ಮಾತನ್ನು ಸಿಚುಯೇಷನ್ ರೂಮ್‌ಗೆ ಕೊಟ್ಟರು, ಅಲ್ಲಿ ಮಾಜಿ ರೆಫರಿಯೊಬ್ಬರು ಕೂರುವ ವ್ಯವಸ್ಥೆಯಾಯಿತು. ಒಂದೇ ಕೋಣೆ ಎಲ್ಲವನ್ನೂ ನೋಡಿದರೆ ಒಂದೇ ಅಳತೆ ಇರುತ್ತದೆ ಎಂಬ ಆಸೆ. ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ. ಪ್ರತಿ ಚಾಲೆಂಜ್ ಆದ ಮೇಲೆ ನಿಯಮದ ಸಂಖ್ಯೆಯೊಂದಿಗೆ ಚುಟುಕು ವಿವರಣೆ ಹಾಕುತ್ತಾರೆ. ಆದರೆ ಅದು ನಿಯಮದ ಸಾಲನ್ನೇ ಮತ್ತೆ ಬರೆದಂತಿರುತ್ತದೆ. ಕಳೆದ ವಾರ ಇದೇ ಥರದ ಗೋಲು ಉಳಿಯಿತಲ್ಲ, ಇವತ್ತಿನದು ಯಾಕೆ ಬೇರೆ ಎಂದು ಹೇಳುವುದಿಲ್ಲ. ನ್ಯಾಯಾಲಯದ ತೀರ್ಪಿನಲ್ಲಿ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸುವುದು ಇದಕ್ಕೇ. ಲೀಗ್ ಬಳಿ ಎಲ್ಲ ವಿಡಿಯೊಗಳೂ ಇವೆ. ಎರಡನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಕೋಚ್‌ಗಳಿಗೂ ಪಾಠ, ನೋಡುವವರಿಗೂ ಸಮಾಧಾನ.

ಕಾಲಿನ ಗೋಲಿನ ವಿಷಯವೂ ಇದೇ ಜಾತಿಯದ್ದು. ಪಕ್ ಕಾಲಿಗೆ ಬಡಿದು ಒಳಗೆ ಹೋದರೆ ಗೋಲು, 'ಸ್ಪಷ್ಟವಾಗಿ ಒದೆಯುವ ಚಲನೆ' ಇದ್ದರೆ ಇಲ್ಲ. 2022ರ ಮೇ ತಿಂಗಳಲ್ಲಿ ಕ್ಯಾಲ್ಗರಿ-ಎಡ್ಮಂಟನ್ ಸರಣಿಯ ಐದನೇ ಪಂದ್ಯ 4-4ರಲ್ಲಿದ್ದಾಗ ಕ್ಯಾಲ್ಗರಿಯ ಬ್ಲೇಕ್ ಕೋಲ್‌ಮನ್‌ನ ಸ್ಕೇಟಿಗೆ ತಾಗಿ ಪಕ್ ಗೆರೆ ದಾಟಿತು. ಎದುರಾಳಿಯ ಜೊತೆ ಗುದ್ದಾಡುತ್ತಾ ಗೋಲಿನತ್ತ ಜಾರುತ್ತಿದ್ದವನ ಕಾಲು ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟೊರಾಂಟೊ ಒದೆತ ಎಂದಿತು, ಹೆಚ್ಚುವರಿ ಅವಧಿಯಲ್ಲಿ ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದು ಸರಣಿಯನ್ನೇ ಮುಗಿಸಿದ. ಅದನ್ನು ಮಾಮೂಲಿ ವೇಗದಲ್ಲಿ ನೋಡಿದರೆ ನಿಲ್ಲಲು ಹೆಣಗುವ ಕಾಲು ಕಾಣುತ್ತದೆ, ನಿಧಾನಗತಿಯಲ್ಲಿ ನೋಡಿದರೆ ಉದ್ದೇಶವಿದ್ದ ಒದೆತ ಕಾಣುತ್ತದೆ.

ನಿಧಾನಗತಿಯ ಈ ಮೋಸವನ್ನು ಭಾರತದ ಹಾಕಿ ಪ್ರೇಮಿಗಳು 2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅನುಭವಿಸಿದರು. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಚೆಂಡು ಒಯ್ಯುವಾಗ ಅವರ ಕೋಲು ವಿಲ್ ಕಾಲ್ನನ್ ತಲೆಗೆ ಬಡಿಯಿತು. ವಿಡಿಯೊ ನೋಡಿದ ಮೇಲೆ ಕೆಂಪು ಕಾರ್ಡ್. ಉಳಿದ ಪಂದ್ಯವನ್ನು ಹತ್ತು ಜನರೊಂದಿಗೆ ಆಡಿದ ಭಾರತ 1-1ರಲ್ಲಿ ನಿಲ್ಲಿಸಿ ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಆದರೆ ಒಂದು ಪಂದ್ಯದ ನಿಷೇಧದಿಂದ ರೋಹಿದಾಸ್ ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಇಲ್ಲವಾದರು, ಭಾರತ 2-3ರಿಂದ ಸೋತಿತು. ವಿಡಿಯೊ ತೀರ್ಪಿನಲ್ಲಿ ಒಂದೇ ಅಳತೆ ಇರಲಿಲ್ಲ ಎಂದು ಹಾಕಿ ಇಂಡಿಯಾ ದೂರು ಕೊಟ್ಟಿತು. ಕೋಲು ತಲೆಗೆ ತಾಗಿತೇ ಎಂಬುದಕ್ಕೆ ವಿಡಿಯೊ ಸಾಕ್ಷಿ. ಬೇಕೆಂದೇ ಬೀಸಿದರೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಒಂದು ಚಲನೆಯನ್ನು ಹಿಗ್ಗಿಸಿ ತೋರಿಸಿದಾಗ ಆಟಗಾರನಿಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು ಎಂದು ನೋಡುವವರ ಮನಸ್ಸಿಗೆ ಅನ್ನಿಸಿಬಿಡುತ್ತದೆ.

ಮೈದಾನದ ಹಾಕಿಯ ರೆಫರಲ್ ವ್ಯವಸ್ಥೆ ಒಟ್ಟಾರೆ ಇದಕ್ಕಿಂತ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಕೇಳುವುದು ಕೋಚ್ ಅಲ್ಲ, ಅಂಗಳದಲ್ಲಿರುವ ಆಟಗಾರ, ಕೈಯಲ್ಲಿ 'ಟಿ' ಆಕಾರ ತೋರಿಸಿ, ಆ ಕೂಡಲೇ. ಯಾರಾದರೂ ವಿಡಿಯೊ ನೋಡಿ ಹೇಳಲಿ ಎಂದು ಕಾಯುವ ಹೊತ್ತಿಲ್ಲ. ಒಂದು ತಂಡಕ್ಕೆ ಒಂದೇ ರೆಫರಲ್. ಗೆದ್ದರೆ ಉಳಿಯುತ್ತದೆ, ಚಿತ್ರದಿಂದ ಏನೂ ಹೇಳಲಾಗದು ಎಂದರೂ ಉಳಿಯುತ್ತದೆ. ಬಹುಪಾಲು ಪ್ರಶ್ನೆಗಳು ಚೆಂಡು ಯಾರ ಕಾಲಿಗೆ ತಾಗಿತು ಎಂಬಂಥವು. ವಿ.ಆರ್. ರಘುನಾಥ್ ಡ್ರ್ಯಾಗ್ ಫ್ಲಿಕ್ ಹೊಡೆಯುವುದನ್ನು ನೋಡಿ ಬೆಳೆದ ಕೊಡಗಿನ ಯಾವ ಹುಡುಗನಿಗೂ ಗೊತ್ತು, ಕಾಲಿಗೆ ತಾಗಿದ ಚೆಂಡು ಪೆನಾಲ್ಟಿ ಕಾರ್ನರ್ ತಂದುಕೊಡುತ್ತದೆ ಎಂದು. ಅಂಥ ಪ್ರಶ್ನೆಗೆ ಕ್ಯಾಮೆರಾ ಹೇಳಿ ಮಾಡಿಸಿದಂತಿದೆ. ತಾಗಿದರೆ ಚೆಂಡಿನ ದಾರಿ ಬದಲಾಗುತ್ತದೆ, ಚಿತ್ರದಲ್ಲಿ ಕಾಣುತ್ತದೆ.

ಎನ್‌ಎಚ್‌ಎಲ್‌ನಲ್ಲೂ ಇಂಥ ಸರಳ ಪ್ರಶ್ನೆಗಳನ್ನು ಸೇರಿಸಿದಾಗ ಒಳ್ಳೆಯದೇ ಆಗಿದೆ. 2019ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ವಿರುದ್ಧ ಸ್ಯಾನ್ ಹೊಸೆಯ ಟಿಮೊ ಮೈಯರ್ ಕೈಯಿಂದ ತಟ್ಟಿದ ಪಕ್ ಜೊತೆಗಾರನಿಗೆ ಸಿಕ್ಕಿ, ಅಲ್ಲಿಂದ ಎರಿಕ್ ಕಾರ್ಲ್ಸನ್‌ಗೆ ಹೋಗಿ, ಹೆಚ್ಚುವರಿ ಅವಧಿಯ ಗೆಲುವಿನ ಗೋಲಾಯಿತು. ಹೀಗೆ ಕೈಪಾಸ್ ಕೊಡುವುದು ತಪ್ಪು, ಆದರೆ ಅದನ್ನು ವಿಡಿಯೊದಲ್ಲಿ ನೋಡಲು ನಿಯಮವೇ ಇರಲಿಲ್ಲ. ಮುಂದಿನ ಸೀಸನ್‌ನಲ್ಲಿ ಕೈಪಾಸ್, ಬಲೆಗೆ ತಾಗಿ ಬಂದ ಪಕ್ ಮುಂತಾದ 'ನಿಲ್ಲಬೇಕಿದ್ದ ಆಟ'ಗಳನ್ನು ಚಾಲೆಂಜ್‌ಗೆ ತಂದರು. 2024-25ರಿಂದ, ಪಕ್ ಅನ್ನು ನೇರವಾಗಿ ಅಂಗಳದ ಸುತ್ತಲಿನ ಗಾಜಿನ ಮೇಲಿಂದ ಹೊರಗೆ ಹೊಡೆದದ್ದಕ್ಕೆ ಬೀಳುವ ಪೆನಾಲ್ಟಿಯನ್ನೂ ಪ್ರಶ್ನಿಸಬಹುದು. ಹೋಗುವ ದಾರಿಯಲ್ಲಿ ಏನಕ್ಕಾದರೂ ತಾಗಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಅದೇ 2019ರ ಏಪ್ರಿಲ್‌ನಲ್ಲಿ ವೇಗಸ್ ತಂಡ ಸ್ಯಾನ್ ಹೊಸೆ ವಿರುದ್ಧದ ಸರಣಿಯ ಏಳನೇ ಪಂದ್ಯದಲ್ಲಿ 3-0 ಮುಂದಿತ್ತು. ಅದರ ಕೋಡಿ ಈಕಿನ್ ಕೋಲಿನಿಂದ ತಳ್ಳಿದಾಗ ಸ್ಯಾನ್ ಹೊಸೆಯ ಜೋ ಪವೆಲ್‌ಸ್ಕಿ ತಲೆ ಬಡಿದು ಬಿದ್ದರು. ತಳ್ಳಿದ್ದು ದೊಡ್ಡದಲ್ಲ, ಬಿದ್ದದ್ದು ಭೀಕರ. ಐದು ನಿಮಿಷದ ಮೇಜರ್ ಪೆನಾಲ್ಟಿ ಬಿತ್ತು. ಮೇಜರ್‌ನಲ್ಲಿ ಗೋಲು ಬಿದ್ದರೂ ಪೆನಾಲ್ಟಿ ಮುಗಿಯುವುದಿಲ್ಲ, ಪೂರ್ತಿ ಐದು ನಿಮಿಷ ಕಳೆಯಲೇಬೇಕು. ಸ್ಯಾನ್ ಹೊಸೆ ನಾಲ್ಕು ಗೋಲು ಹೊಡೆಯಿತು, ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಗೆದ್ದಿತು. ಆ ಬಳಿಕ ಆಟಗಾರರ ಹೊಡೆದಾಟಕ್ಕೆ ಬೀಳುವ ಮೇಜರ್ ಬಿಟ್ಟು ಉಳಿದ ಮೇಜರ್‌ಗಳನ್ನು ರೆಫರಿಗಳು ತಾವೇ ಟ್ಯಾಬ್ಲೆಟ್‌ನಲ್ಲಿ ನೋಡಿ, ಬೇಕಾದರೆ ಎರಡು ನಿಮಿಷಕ್ಕೆ ಇಳಿಸುವ ನಿಯಮ ಬಂತು. ಇದೂ ಅಭಿಪ್ರಾಯದ ತೀರ್ಪೇ. ಆದರೆ ಇಲ್ಲಿ ಕಂಡವರೇ ಮತ್ತೊಮ್ಮೆ ನೋಡುತ್ತಾರೆ, ಸಾವಿರ ಮೈಲಿ ಆಚೆಯ ಕೋಣೆಯಲ್ಲ. ನನ್ನದೊಂದೇ ಸಲಹೆ: ಮೊದಲ ಎರಡು ಸಲ ಮಾಮೂಲಿ ವೇಗದಲ್ಲೇ ನೋಡಬೇಕು, ಎಲ್ಲಿ ತಾಗಿತು ಎಂದು ಹುಡುಕಲು ಮಾತ್ರ ನಿಧಾನಗತಿ. ಕೀಪರನಿಗೆ ಅಡ್ಡಿಯ ತೀರ್ಪಿಗೂ ಇದೇ ಪದ್ಧತಿ ಬರಬೇಕು.

ಆಫ್‌ಸೈಡ್ ಅನ್ನು ಕ್ಯಾಮೆರಾದ ಬದಲು ಸಂವೇದಕಕ್ಕೆ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಎನ್‌ಎಚ್‌ಎಲ್‌ನ ಪಕ್‌ಗಳಲ್ಲಿ ಈಗಾಗಲೇ ಅತಿಗೆಂಪು ಬೆಳಕಿನ ಸಂವೇದಕವಿದೆ, ಕ್ರೀಡಾಂಗಣದ ಸುತ್ತ ಅದನ್ನು ಹಿಡಿಯುವ ಕ್ಯಾಮೆರಾಗಳಿವೆ. ಆಟಗಾರರಿಗೂ ಟ್ಯಾಗ್ ಇದೆ. ಆದರೆ ಆ ಟ್ಯಾಗ್ ಇರುವುದು ಭುಜದ ಹತ್ತಿರ. ಆಫ್‌ಸೈಡಿಗೆ ಬೇಕಾಗಿರುವುದು ಸ್ಕೇಟ್ ಎಲ್ಲಿದೆ ಎಂಬುದು. ಮುಂದಕ್ಕೆ ಬಾಗಿ ಓಡುವವನ ಭುಜಕ್ಕೂ ಹಿಂದಿನ ಕಾಲಿಗೂ ನಡುವಿನ ದೂರ ನೀಲಿ ಗೆರೆಯ ಅಗಲಕ್ಕಿಂತ ಎಷ್ಟೋ ಹೆಚ್ಚು.